ಮಧ್ಯಾಹ್ನಗಳಲ್ಲಿ ಬಿಚ್ಚಿದ ಶಾಲು

ವೀಣಾ, ನಿನ್ನ ಅಮ್ಮ ನಿನ್ನ ಮನೆಗೆ ಬಾರದಂತೆ ತಡೆದವಳು ನಾನು.

ಸಿಟ್ಟಿನಿಂದ ಅವರು ಬರಲಿಲ್ಲ ಎಂದು ನೀನು ತಿಳಿದಿದ್ದೀಯ. ನಿನ್ನ ಮದುವೆಯನ್ನು ಕೊನೆಯವರೆಗೂ ಒಪ್ಪಲಿಲ್ಲ ಎಂದು ತಿಳಿದಿದ್ದೀಯ. ಎರಡೂ ನಿಜವಲ್ಲ. ಅವರು ನಿನಗಾಗಿ ಒಂದು ಶಾಲು ಹೆಣೆಯುತ್ತಿದ್ದರು. ಅದು ಮುಗಿದ ದಿನ ನಿನ್ನ ಮನೆಗೆ ಹೊರಡುವವರಿದ್ದರು. ಮಧ್ಯಾಹ್ನ ಅವರು ಮಲಗಿದಾಗ ನಾನು ಅದನ್ನು ಬಿಚ್ಚುತ್ತಿದ್ದೆ. ಎದ್ದು ಕೇಳಿದರೆ, "ನೀವು ಹಾಕಿದ್ದೇ ಇಷ್ಟು" ಎನ್ನುತ್ತಿದ್ದೆ.

ಹೇಳಿಬಿಟ್ಟೆ. ಇಷ್ಟು ಚಿಕ್ಕ ಮಾತು—ಇದಕ್ಕೆ ಇಷ್ಟು ವರ್ಷ ಬೇಕಾಯಿತು.

ನಾನು ಈ ಜಯನಗರದ ಮನೆಗೆ ನಿನ್ನ ಅಣ್ಣನ ಹೆಂಡತಿಯಾಗಿ ಬರುವ ಹೊತ್ತಿಗೆ ನೀನು ಮನೆ ಬಿಟ್ಟು ಹೋಗಿಯಾಗಿತ್ತು. ಅಪ್ಪ ಒಪ್ಪದ ಹುಡುಗನನ್ನು ಮದುವೆಯಾಗಿ ಸುದ್ದಗುಂಟೆಪಾಳ್ಯದಲ್ಲಿ ಸಂಸಾರ ಹೂಡಿದ್ದೆ. ಇಲ್ಲಿಂದ ಅಲ್ಲಿಗೆ ಏನು ಮಹಾ ದೂರ! ಆಟೋದವನು "ಇಷ್ಟು ಹತ್ರಕ್ಕೆಲ್ಲ ಯಾರು ಬರ್ತಾರೆ ಮೇಡಂ" ಎಂದು ಗೊಣಗುವಷ್ಟು. ಮಾವನವರು ಬದುಕಿರುವವರೆಗೆ ಆ ದೂರವನ್ನು ಯಾರೂ ದಾಟಲಿಲ್ಲ. ಮನೆಯಲ್ಲಿ ನಿನ್ನ ಹೆಸರೆತ್ತುವಂತಿರಲಿಲ್ಲ. ಅಮ್ಮ ಮಾತ್ರ—ಅತ್ತೆಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ—ಹೊಲಿಗೆ ಮಷಿನ್ನಿನ ಮುಂದೆ ಕೂತಾಗ ನಿನ್ನ ವಿಷಯ ಮಾತಾಡುತ್ತಿದ್ದರು. ಮಷಿನ್ನಿನ ಸದ್ದಿನಲ್ಲಿ ನಡುಮನೆಯಲ್ಲಿದ್ದ ಮಾವನವರಿಗೆ ಅದು ಕೇಳುತ್ತಿರಲಿಲ್ಲ.

ನಾನು ತಾಯಿಯಿಲ್ಲದೆ ಬೆಳೆದವಳು. ಸೋದರಮಾವನ ಮನೆಯಲ್ಲಿ ಅವರ ಹೆಣ್ಣುಮಕ್ಕಳು ಹಾಕಿ ಬಿಟ್ಟದ್ದೇ ನನ್ನ ಬಟ್ಟೆ. ಭುಜದಲ್ಲಿ ಸಡಿಲ, ಕಂಕುಳಲ್ಲಿ ಬಿಗಿ. ಬಟ್ಟೆ ಎಂದರೆ ಎಲ್ಲರಿಗೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಅಮ್ಮ ಟೇಪು ಹಿಡಿದು ಬಂದು, "ಕೈ ಎತ್ತು" ಎಂದರು. ಯಾರಾದರೂ ನನ್ನ ಸುತ್ತ ಟೇಪು ಹಿಡಿದು ಅಳೆದದ್ದು ಅದೇ ಮೊದಲು. ಬಾಗಿದ ಅವರ ತಲೆ ನನ್ನ ಗಲ್ಲದ ಹತ್ತಿರವೇ ಇತ್ತು, ಕೊಬ್ಬರಿ ಎಣ್ಣೆಯ ವಾಸನೆ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಉಸಿರು ಬಿಡೇ ಸುಮಾ, ಇಲ್ಲಾಂದ್ರೆ ಬ್ಲೌಸು ಬಿಗಿಯಾಗತ್ತೆ" ಎಂದು ನಕ್ಕರು. ಆಮೇಲೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ವೀಣಂಗೆ ಭುಜ ನಿನಗಿಂತ ಸ್ವಲ್ಪ ಕಮ್ಮಿ."

ಆ ಬ್ಲೌಸು ನನ್ನ ಮೈಗೆ ಚರ್ಮದ ಹಾಗೆ ಕೂತಿತು. ಕನ್ನಡಿಯ ಮುಂದೆ ನಿಂತು ಅತ್ತುಬಿಟ್ಟೆ. ಆದರೆ ಆ ಮಾತು—ಅದೂ ಅಲ್ಲೇ ಎಲ್ಲೋ ಒಳಗೆ ಕೂತುಬಿಟ್ಟಿತು.

ಅವರು ನನಗೆ ಎಲ್ಲವನ್ನೂ ಕಲಿಸಿದರು. ಬಟ್ಟೆ ಕತ್ತರಿಸುವುದು, ಕೊರಳಿಗೆ ಪಟ್ಟಿ ಕೊಡುವುದು, ಹೆಮ್ಮಿಂಗ್ ಕಾಣದಂತೆ ಮಾಡುವುದು, ಆಮೇಲೆ ಕೊಕ್ಕೆಕಡ್ಡಿ ಹಿಡಿಸಿ ಕ್ರೋಶಾ ಹೆಣಿಗೆ. ಬೀದಿಯ ಎಷ್ಟು ಮಕ್ಕಳಿಗೆ ಫ್ರಾಕು ಹೊಲಿದೆವು, ಟೋಪಿ ಹೆಣೆದೆವು! ಕಿಟಕಿಯ ಪಕ್ಕ ಅವರು, ಅವರ ಮಗ್ಗುಲಲ್ಲಿ ನಾನು. ಆ ಮಧ್ಯಾಹ್ನಗಳಂಥ ಮಧ್ಯಾಹ್ನ ನನಗೆ ಮತ್ತೆ ಸಿಕ್ಕಿಲ್ಲ. ಈಗಲೂ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರೆ ಅವರ ಕೈ ಬಂದು ನನ್ನ ಬೆರಳನ್ನು ಸ್ವಲ್ಪ ಸರಿಸುತ್ತದೆ—"ಸಡಿಲ ಬಿಡು, ದಾರಕ್ಕೂ ಉಸಿರಾಡೋಕೆ ಜಾಗ ಬೇಕು."

ಮಾವನವರು ತೀರಿಕೊಂಡಾಗ ನೀನು ಬಂದೆ. ಎಲ್ಲರ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ಕಾರ್ಯಗಳೆಲ್ಲ ಮುಗಿದು ಹೊರಡುವಾಗ ಗೇಟಿನ ಬಳಿ ಅಮ್ಮನ ಕೈ ಹಿಡಿದುಕೊಂಡೆ. ನಾನು ಚಪ್ಪಲಿ ಜೋಡಿಸುವ ನೆವದಲ್ಲಿ ಅಲ್ಲೇ ಇದ್ದೆ.

"ಒಂದ್ಸಲ ನೀನು ನಮ್ಮನೆಗೆ ಬಾಮ್ಮ" ಎಂದೆ ನೀನು. "ಆಮೇಲೆ ನಾನು ದಿನಾ ಬರ್ತೀನಿ. ಅಪ್ಪ ಹೋಗಿದ್ದೇ ತಡ, ನಾನೇ ನುಗ್ಗಿ ಬಂದೆ ಅಂತ ಆಗ್ಬಾರ್ದು."

"ಬರ್ತೀನಿ ಕಣೇ. ಆದ್ರೆ ಬರಿಗೈಲಿ ಬರಲ್ಲ."

ಒಳಗೆ ಬಂದ ಮೇಲೆ ಅವರು ನನಗೆ ಅದರ ಅರ್ಥ ಹೇಳಿದರು. "ಮೊದಲನೇ ಸಲ ಮಗಳ ಮನೆಗೆ ಹೋದ್ರೆ ಮಡಿಲು ತುಂಬಬೇಕು. ನಾನೀಗ ತುಂಬೋ ಹಾಗಿಲ್ಲ ಅಂತಾರೆ ಜನ. ಅವಳ ಭುಜದ ಮೇಲೆ ಹೊದಿಸೋಕಾದ್ರೂ ನನ್ನ ಕೈಯಿಂದ ಒಂದು ಶಾಲು ಬೇಡ್ವಾ?"

ನಾಲ್ಕನೇ ಬ್ಲಾಕಿನ ಅಂಗಡಿಗೆ ದಾರ ತರಲು ನಾನೇ ಅವರ ಜೊತೆ ಹೋಗಿದ್ದೆ. ಅಂಗಡಿಯವನು ತೆಗೆದು ಹಾಕಿದ ಬಣ್ಣಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಕಡು ನೇರಳೆಯನ್ನು ಆರಿಸಿದರು. ನಿನಗಿಷ್ಟವಾದ ಬಣ್ಣ. ನನಗೆ ಯಾವ ಬಣ್ಣ ಇಷ್ಟ ಎಂದು ಅವರು ಎಂದೂ ಕೇಳಿರಲಿಲ್ಲ—ಕೇಳಬೇಕು ಎಂದು ಹೊಳೆದಿರಲಿಕ್ಕಿಲ್ಲ, ನಾನು ಪಕ್ಕದಲ್ಲೇ ಇರುತ್ತಿದ್ದೆನಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆಗ ನನ್ನ ಒಳಗೆ ಏನಿತ್ತು ಎಂದು ನಿನಗೆ ಗೊತ್ತಾಗಲಿ ಎಂದು, ಅಷ್ಟೆ.

ಶಾಲು ಬೆಳೆಯಿತು. ಬೇರೆ ಹೊಲಿಗೆಯನ್ನೆಲ್ಲ ಅವರು ನನಗೆ ಬಿಟ್ಟರು. ಒಂದೊಂದು ಹೂವೂ ಎಷ್ಟು ಮೃದುವಾಗಿ ಬಂದಿತ್ತೆಂದರೆ, ಮುಟ್ಟಿದರೆ ಬೆಕ್ಕಿನ ಮರಿಯನ್ನು ಮುಟ್ಟಿದ ಹಾಗೆ. ಒಂದು ದಿನ ಊಟಕ್ಕೆ ಕೂತಾಗ ನಿನ್ನ ಅಣ್ಣ ಕೇಳಿದರು: "ವೀಣಾ ಮನೇಲಿ ಎಷ್ಟು ದಿನ ಇರ್ತೀಯಮ್ಮ?"

"ನೋಡೋಣ. ಮಗಳ ಮನೆ ಅಲ್ವೇನೋ. ಅವಳು ಕಳಿಸಿದಾಗ ಬರೋದು" ಎಂದರು. ಅವರ ಮುಖದಲ್ಲಿ ಒಂದು ಹುಡುಗಾಟದ ನಗೆಯಿತ್ತು. ಅಂಥದ್ದನ್ನು ನಾನು ಎಂದೂ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನವೇ ಮೊದಲ ಸಲ ಬಿಚ್ಚಿದ್ದು. ಒಂದು ಕಡೆ ಹೆಣಿಗೆ ತಪ್ಪಿತ್ತು, ಅದನ್ನು ಸರಿಮಾಡಲು ಕೈ ಹಾಕಿದೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲ ವೀಣಾ, ತಪ್ಪಿರಲಿಲ್ಲ. ಅವರ ಕೈ ತಪ್ಪುತ್ತಿರಲಿಲ್ಲ.

ಕ್ರೋಶಾ ಎಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ, ಗೊತ್ತೇ? ಹೊಲಿಗೆಯಾದರೆ ಬ್ಲೇಡು ಬೇಕು, ಬಿಚ್ಚಿದ ಮೇಲೂ ಸೂಜಿಯ ತೂತು ಉಳಿದುಕೊಳ್ಳುತ್ತದೆ. ಕ್ರೋಶಾ ಹಾಗಲ್ಲ. ಕಡ್ಡಿ ತೆಗೆದು ತುದಿ ಎಳೆದರೆ ಸಾಕು, ಸದ್ದಿಲ್ಲದೆ, ಸಾಲಿಗೆ ಸಾಲೇ... ಬಿಚ್ಚಿದ ದಾರ ಮಾತ್ರ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಒದ್ದೆ ಕೈಯಲ್ಲಿ ಎಳೆದೆಳೆದು ನೇರಮಾಡಿ, ಫ್ಯಾನಿನ ಗಾಳಿಗೆ ಹಿಡಿದು ಒಣಗಿಸಿ, ಮತ್ತೆ ಉಂಡೆಗೆ ಸುತ್ತಿದೆ. ಅರಿಯದೆ ಆದ ತಪ್ಪು ಎಂದು ನಾನು ಹೇಳಲಾರೆ. ಅರಿಯದವಳು ದಾರ ಒಣಗಿಸುವುದಿಲ್ಲ.

ಅಮ್ಮ ಎದ್ದು ಕನ್ನಡಕ ಹಾಕಿಕೊಂಡು ಶಾಲನ್ನು ಮಡಿಲಿಗೆಳೆದುಕೊಂಡರು. ತಿರುಗಿಸಿ ನೋಡಿದರು.

"ಇಷ್ಟೇನಾ ಆಗಿದ್ದು? ಇನ್ನೂ ಮುಂದೆ ಹಾಕಿದ್ದೆ ಅಂತ—"

"ಇಷ್ಟೇ ಅಮ್ಮ."

"ಹೌದಾ..." ಎಂದು ಕಡ್ಡಿ ತೆಗೆದುಕೊಂಡರು. ನನ್ನನ್ನು ಸಂಶಯದಿಂದ ಒಮ್ಮೆ ನೋಡಿದ್ದರೂ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೋ ಏನೋ. ನೋಡಲಿಲ್ಲ. ನನ್ನ ಮೇಲೆ ಸಂಶಯ ಪಡುವುದಕ್ಕಿಂತ ತಮ್ಮ ಮೇಲೆ ಪಡುವುದು ಅವರಿಗೆ ಸುಲಭವಾಗಿತ್ತು. ಅಷ್ಟು ನಂಬಿದ್ದರು.

ಆಮೇಲೆ ಅದು ಅಭ್ಯಾಸವಾಯಿತು. ದಿನವೂ ಅಲ್ಲ—ಕೆಲವು ದಿನ ಬಿಟ್ಟು, ಇನ್ನು ಮುಗಿಯುತ್ತದೆ ಎನ್ನಿಸಿದಾಗ. ಒಂದಷ್ಟು ದಿನ ಅವರನ್ನು ಇಲ್ಲೇ ಉಳಿಸಿಕೊಳ್ಳುವುದು, ಅಷ್ಟೇ ನನ್ನ ಲೆಕ್ಕ. ಅವರ ಒಳಗೆ ಏನು ಬಿಚ್ಚಿಕೊಳ್ಳುತ್ತಿದೆ ಎಂದು ನಾನು ನೋಡಲಿಲ್ಲ. ನೋಡಲಿಲ್ಲವೋ, ನೋಡಿಯೂ...

ಗ್ಯಾಸ್ ಆರಿಸಿದೆನಾ ಎಂದು ಅವರು ಮತ್ತೆ ಮತ್ತೆ ಅಡುಗೆಮನೆಗೆ ಹೋಗತೊಡಗಿದರು. ದೇವರ ದೀಪ ಹಚ್ಚಿ ಬಂದು, "ಹಚ್ಚಿದ್ನೇನೇ?" ಎಂದು ನನ್ನನ್ನು ಕೇಳುತ್ತಿದ್ದರು. ಪ್ರತಿ ಶುಕ್ರವಾರ ಒಬ್ಬರೇ ಬಸ್ಸು ಹತ್ತಿ ಬನಶಂಕರಿ ದೇವಸ್ಥಾನಕ್ಕೆ ಹೋಗಿಬರುತ್ತಿದ್ದವರು ಹೋಗುವುದನ್ನೇ ಬಿಟ್ಟರು. "ದಾರಿ ಮರೆತ್ರೆ?" ಎಂದರು. ನಿನ್ನ ಅಣ್ಣ ಡಾಕ್ಟರ ಬಳಿ ಕರೆದುಕೊಂಡು ಹೋದರು. ವಯಸ್ಸಿಗೆ ಇದೆಲ್ಲ ಸಹಜ ಎಂದು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಯನ್ನು, ನೀರಿನ ಲೋಟದ ಜೊತೆ, ನಾನೇ ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಮಲಗಲಿಲ್ಲ. ಶಾಲನ್ನು ಮಡಿಸಿ ನನ್ನ ಕೈಗಿಟ್ಟರು.

"ಇದನ್ನ ಎತ್ತಿಡು. ನನ್ನ ತಲೆ ಇನ್ನು ನನ್ನ ಮಾತು ಕೇಳಲ್ಲ."

"ಶಾಲು ಇಲ್ದಿದ್ರೆ ಏನಾಯ್ತಮ್ಮ, ಹಾಗೇ ಹೋಗಿಬನ್ನಿ" ಎಂದೆ. ಹೌದು, ಅಂದೆ. ಹೆದರಿಕೆಯಾಗಿತ್ತು ನನಗೆ.

"ಬೇಡ. ಅಲ್ಲಿ ಅವಳ ಗಂಡನ ಮನೆಯೋರ ಮುಂದೆ ಏನೋ ಒಂದು ಮರೆತು ಪೆಚ್ಚಾಗಿ ನಿಂತ್ರೆ? ಇಷ್ಟು ವರ್ಷ ಆದ್ಮೇಲೆ ಹೋಗಿ, ಅವಳ ತಲೆ ತಗ್ಗಿಸ್ಲಾ? ನೀನು ಅವಳಿಗೆ ಇದನ್ನೆಲ್ಲ ಹೇಳ್ಬೇಡ. ಆಣೆ ಮಾಡು."

ಆಗ ಹೇಳಲು ಹೊರಟೆ, ವೀಣಾ. "ಅಮ್ಮ, ನಿಮಗೇನೂ ಆಗಿಲ್ಲ, ಅದು ನಾನು—" ಎಂಬಲ್ಲಿಯವರೆಗೆ ಮಾತು ಬಂತು. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೇನೋ.

"ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು, ಮಗಳೇ" ಎಂದರು.

ಮಗಳೇ. ಅವರು ನನ್ನನ್ನು ಎಂದೂ ಹಾಗೆ ಕರೆದಿರಲಿಲ್ಲ. ಸುಮಾ ಎನ್ನುತ್ತಿದ್ದರು, ಹುಡುಗಿ ಎನ್ನುತ್ತಿದ್ದರು. ಆ ಒಂದು ಶಬ್ದಕ್ಕಾಗಿ ನಾನು ಬುದ್ಧಿ ತಿಳಿದಾಗಿನಿಂದ ಕಾದಿದ್ದೆ. ಬಂತು—ಹೇಗೆ ಬಂತು ನೋಡು. ನಾನು ಬಾಯಿ ಮುಚ್ಚಿಕೊಂಡೆ. ನಿಜ ಹೇಳಿದ್ದರೆ ಅದನ್ನು ವಾಪಸ್ಸು ಕೊಡಬೇಕಾಗುತ್ತಿತ್ತು.

ನೀನು ಫೋನ್ ಮಾಡಿದ್ದು ಅದಾದ ಮೇಲೆ. "ಅತ್ತಿಗೆ, ಅಮ್ಮ ಯಾವಾಗ ಬರ್ತಾಳೆ? ಕೇಳಿದ್ರೆ ಮಾತು ಹಾರಿಸ್ತಾಳೆ. ನಿಮಗೇನಾದ್ರೂ ಹೇಳಿದ್ಲಾ?"

ನೀನೇ ಬಂದುಬಿಡು, ಅವರು ಹೆದರಿದ್ದಾರೆ—ಎನ್ನಬಹುದಿತ್ತು. ಆಣೆ ಮಾಡಿದ್ದೆನಲ್ಲ ಎಂಬ ನೆಪವನ್ನು ಈಗ ಎತ್ತುವುದಿಲ್ಲ. ಆಣೆ ಸುಮ್ಮನಿರಬೇಕೆಂದಿತ್ತು, ನಾನು ಸುಮ್ಮನಿರಲಿಲ್ಲ.

"ಅವರಿಗೆ ಮನಸ್ಸಿಲ್ಲ ಅನ್ಸತ್ತೆ ವೀಣಾ. ಒತ್ತಾಯ ಮಾಡ್ಬೇಡ" ಎಂದೆ.

ಹಿಂದೆ ನಿನ್ನ ಮಗು ಏನೋ ಕೇಳುತ್ತಿತ್ತು. ನೀನು "ಸರಿ ಬಿಡಿ" ಎಂದು ಫೋನಿಟ್ಟೆ. ಆಮೇಲೆ ಹಬ್ಬಕ್ಕೆ ಒಂದು ಮಾತು, ಹುಷಾರಾಗಿದ್ದೀಯಾ ಎಂದೊಂದು ಮಾತು, ಅಷ್ಟಕ್ಕೇ ನಿಮ್ಮಿಬ್ಬರ ನಡುವಿನದೆಲ್ಲ ಒಣಗಿತು.

ಮತ್ತೆ ನೀನು ಬಂದದ್ದು ಅವರ ಮುಖವನ್ನು ಕೊನೆಯ ಸಲ ನೋಡಲು. ಚಿತಾಗಾರದ ಹೊರಗೆ ಮರದ ಕೆಳಗೆ ನಿಂತು, "ಕೊನೆಗೂ ಅಮ್ಮ ಬರ್ಲೇ ಇಲ್ಲ ಅತ್ತಿಗೆ" ಎಂದೆ. ನಾನು ನಿನ್ನ ಬೆನ್ನು ಸವರಿದೆ. ಆ ಕೈಯನ್ನು ಆಮೇಲೆ ಎಷ್ಟು ಸಲ ನೋಡಿಕೊಂಡಿದ್ದೇನೆ.

ಇನ್ನೊಂದಿದೆ. ಇದನ್ನು ನಿನ್ನ ಅಣ್ಣನಿಗೂ ಹೇಳಿಲ್ಲ.

ಕೊನೆಯ ದಿನಗಳಲ್ಲಿ ಎದೆಯಲ್ಲಿ ಕಫ ಕಟ್ಟಿ ಅವರು ಹಾಸಿಗೆ ಹಿಡಿದಾಗ ನಿಜವಾಗಿಯೇ ಮಂಪರು ಕವಿಯಿತು. ಅದು ಜ್ವರದ್ದೋ, ವಯಸ್ಸಿನದೋ, ಅಥವಾ ನಾನು ಶುರುಮಾಡಿದ್ದು ತಾನೇ ಬೆಳೆದು ಬಂದದ್ದೋ—ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಒಂದು ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದಾಗ ಕೇಳಿದರು:

"ನಾನು ವೀಣಾ ಮನೆಗೆ ಹೋಗಿದ್ದೆ ಅಲ್ವಾ?"

ಬಾಚಣಿಗೆ ಅಲ್ಲೇ ನಿಂತಿತು. "ಹೂಂ ಅಮ್ಮ. ಹೋಗಿದ್ರಿ."

"ಹೇಗಿದ್ಲು?"

"ಚೆನ್ನಾಗಿದ್ಲು."

"ಏನಂದ್ಲು?"

"ಇನ್ನೂ ನಾಲ್ಕು ದಿನ ಇದ್ದು ಹೋಗು ಅಂದ್ಲು. ಆಟೋ ತಿರುಗೋವರೆಗೂ ಬಾಗಿಲಲ್ಲೇ ನಿಂತಿದ್ಲು."

"ಮನೆ ಹೇಗಿತ್ತು? ನಂಗೆ ನೆನಪೇ ಬರ್ತಿಲ್ಲ."

ನಾನು ಹೇಳಿದೆ. ನೋಡದ ಮನೆಯನ್ನು ಹೇಳಿದೆ. ಹಸಿರು ಬಾಗಿಲು, ಮುಂದೆ ರಂಗೋಲಿ, ಮೆಟ್ಟಿಲ ಪಕ್ಕ ದೊಡ್ಡಪತ್ರೆಯ ಕುಂಡ, ನಿನ್ನ ಮಗಳು ಅವರ ಸೆರಗು ಹಿಡಿದು ಬಿಡದೆ ಇದ್ದದ್ದು, ಊಟಕ್ಕೆ ನೀನು ಮಾಡಿದ ಹುಳಿ, ಅವರಿಗೆ ಖಾರವಾಗದಿರಲೆಂದು ಬೇರೆ ತೆಗೆದಿಟ್ಟದ್ದು... ಅವರು ಕಣ್ಣು ಮುಚ್ಚಿ ಕೇಳಿದರು. ಎಲ್ಲ ಮುಗಿದ ಮೇಲೆ, "ಚೆನ್ನಾಗಿಟ್ಕೊಂಡಿದ್ದಾಳೆ ಮನೇನ" ಎಂದರು. ಅಷ್ಟು ತೃಪ್ತಿಯಿಂದ ಎಂದರು, ವೀಣಾ. ನಿನ್ನಿಂದ ಅವರಿಗೆ ಸಲ್ಲಬೇಕಾಗಿದ್ದ ದಿನವನ್ನು ನಾನು ಕಸಿದುಕೊಂಡಿದ್ದೆ. ಕೊನೆಗೆ ಅದನ್ನು ಅವರಿಗೆ ಕೊಟ್ಟದ್ದೂ ಸುಳ್ಳಿನಲ್ಲೇ.

ಕ್ಷಮಿಸು ಎಂದು ಕೇಳುತ್ತಿಲ್ಲ. ಕ್ಷಮಿಸಬೇಕಾದವರು ಇಬ್ಬರು. ಒಬ್ಬರು ಇಲ್ಲ. ನಾಳೆ ಬೆಳಿಗ್ಗೆ ನಾನು ನಿನ್ನ ಮನೆಗೆ ಬರುತ್ತೇನೆ. ಇಲ್ಲಿ ಒಬ್ಬಳೇ ಕೂತು ಹೇಳಿಕೊಂಡದ್ದನ್ನು ನಿನ್ನ ಮುಖ ನೋಡಿ, ಬಾಯಿಬಿಟ್ಟು, ಒಂದನ್ನೂ ಬಿಡದೆ ಹೇಳಬೇಕು. ಒಳಗೆ ಕರೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ. ಮನೆ ಗುರುತು ಕೇಳಿಕೊಂಡು ಬರಬೇಕು—ನಿನ್ನ ಬಾಗಿಲು ಯಾವ ಬಣ್ಣದ್ದೋ ನನಗೆ ಗೊತ್ತಿಲ್ಲ.