ಕುಸುಬಿ ಎಣ್ಣೆ ಹಚ್ಚಿದ ಒರೆ

ಒರೆಗೆ ಎಣ್ಣೆ ಹಚ್ಚಿದವಳು ನಾನು. ಆಮೇಲೆ ಆದದ್ದು ಸಾಯಿಬಣ್ಣನವರ ಚರ್ಮದ ದೋಷವಲ್ಲ, ರಿವಾಲ್ವರ್ ಧರಿಸಿದ್ದ ಮಹಬೂಬ್ ಸಾಬರ ಅಜಾಗರೂಕತೆಯೂ ಅಲ್ಲ. ಆರು ವರ್ಷಗಳಿಂದ ಈ ಒಂದು ವಾಕ್ಯವನ್ನು ಬಿಟ್ಟು ಉಳಿದೆಲ್ಲವನ್ನೂ ಬರೆದಿದ್ದೇನೆ.

ನಿಮ್ಮಲ್ಲಿ ಹಲವರು ನನ್ನ ಆ ಲೇಖನವನ್ನು ಓದಿದ್ದೀರಿ. ಕಮಲಾಪುರದ ಸಮಗಾರರ ಓಣಿಯ ಹಿರಿಯ ಕುಶಲಕರ್ಮಿಯೊಬ್ಬರ ಕೈಯಿಂದ ಕಲಬುರಗಿಯ ಒಂದು ಖಾಸಗಿ ಕಾವಲು ಸಂಸ್ಥೆ ಕೆಲಸವನ್ನು ಹೇಗೆ ಕಿತ್ತುಕೊಂಡಿತು, ಅದರ ವ್ಯವಸ್ಥಾಪಕರ ಬಾಯಿಂದ ಜಾತಿಯ ತಾತ್ಸಾರ ಹೇಗೆ ಹೊರಬಿತ್ತು — ಎಲ್ಲವನ್ನೂ ಬಿಡಿಸಿ ಬಿಡಿಸಿ ಹೆಸರಿಸಿದ್ದೆ. ಅದರಲ್ಲಿ ಒಂದು ಸಾಲೂ ಸುಳ್ಳಾಗಿರಲಿಲ್ಲ. ಅನ್ಯಾಯವನ್ನು ಕಂಡಲ್ಲಿ ಅದರ ಹೆಸರು ಹಿಡಿದು ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಆ ಶಾಲೆ ಕಲಿಸಿದ್ದನ್ನು ಅಷ್ಟೂ ಮಾಡಿದೆ — ನನ್ನ ಹೆಸರೊಂದನ್ನು ಬಿಟ್ಟು.

ನಡೆದದ್ದು ಇಷ್ಟು. ಸೇಡಂ ರಸ್ತೆಯಲ್ಲಿ ಕಚೇರಿ ಇಟ್ಟಿದ್ದ ಆ ಸಂಸ್ಥೆ ತನ್ನ ಕಾವಲುಗಾರರಿಗೆ ಸೊಂಟದ ಪಟ್ಟಿಗೆ ಸಿಕ್ಕಿಸುವ ರಿವಾಲ್ವರಿನ ಚರ್ಮದ ಒರೆಗಳನ್ನು ಮಾಡಿಸಲಿತ್ತು. ಕಪನೂರಿನ ಒಂದು ಕಾರ್ಖಾನೆಗೆ ಹೋಗಲಿದ್ದ ಆ ಕೆಲಸವನ್ನು ಕಮಲಾಪುರಕ್ಕೆ ಕೊಡಿ ಎಂದು ಬೆನ್ನು ಹತ್ತಿದವಳು ನಾನೇ. ಸಾಯಿಬಣ್ಣನವರಿಗೆ ಮತ್ತು ಅವರ ಇಬ್ಬರು ತಮ್ಮಂದಿರಿಗೆ ಅದು ವರ್ಷಗಟ್ಟಲೆ ಕೈತುಂಬ ಕೆಲಸ. ಕಿತ್ತ ಚಪ್ಪಲಿಗೆ ಹೊಲಿಗೆ ಹಾಕುತ್ತ ಬಸ್ ನಿಲ್ದಾಣದಲ್ಲಿ ಕೂಡುವುದು ತಪ್ಪುತ್ತಿತ್ತು. ಮೊದಲು ಒಂದು ಒರೆ ಮಾಡಿ ತೋರಿಸಿ ಎಂದರು. ಸಾಯಿಬಣ್ಣನವರು ಮಾಡಿದರು. ಅಂಥ ಹೊಲಿಗೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಅದು ಬಿಗಿಯಾಗಿತ್ತು.

ಅದನ್ನು ಧರಿಸಿ ನೋಡಿದವರು ಮಹಬೂಬ್ ಸಾಬರು, ಸೈನ್ಯದಿಂದ ನಿವೃತ್ತರಾಗಿ ಬಂದ ಕಾವಲುಗಾರರು. ರಿವಾಲ್ವರನ್ನು ಒಳಗೆ ತುರುಕಿ, ಎರಡೂ ಕೈಯಿಂದ ಎಳೆದು ಸುಸ್ತಾಗಿ ನಕ್ಕರು.

"ಮೇಡಂ, ಇದು ಕವರ್ ಅಲ್ರಿ, ಜೇಲ್ ಅದ. ಒಳಗ ಹೋದದ್ದು ಜಾಮೀನಿಲ್ದ ಹೊರಗ ಬರಂಗಿಲ್ಲ."

ವ್ಯವಸ್ಥಾಪಕರು ನಗಲಿಲ್ಲ. "ಸೋಮವಾರ ಮುಂಜಾನಿ ಸರಿ ಮಾಡಿಸಿ ತರ್ರಿ. ಇಲ್ಲಂದ್ರ ಕಪನೂರದವರಿಗೇ ಹೇಳ್ತೇವಿ," ಎಂದರು.

ಅಂದು ಶುಕ್ರವಾರ. ಅದೇ ಮಧ್ಯಾಹ್ನ ಒರೆಯೊಂದಿಗೆ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಸಾಯಿಬಣ್ಣನವರಿಗೆ ಆತಂಕವೇ ಆಗಲಿಲ್ಲ. "ಹೊಸಾ ಚರ್ಮ ಬಿಗಿ ಇರದ ಮತ್ತೇನ್ ಇರ್ತದ್ರಿ ಅಕ್ಕಾರ?" ಎಂದು, ಮೂಲೆಯಿಂದ ಒಂದು ಮರದ ಅಚ್ಚನ್ನು ತೆಗೆದರು. ರಿವಾಲ್ವರಿನದೇ ಆಕಾರ, ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ — ತಾವೇ ಕೆತ್ತಿದ್ದು.

"ಇದಕ್ಕ ಒಂದ್ ಸುತ್ತು ಪ್ಲಾಸ್ಟಿಕ್ ಸುತ್ತಿ ಒಳಗ ಹಾಕ್ರಿ. ಮೂರ್ ದಿನ ಇಡ್ರಿ, ದಿನಾ ಒಮ್ಮಿ ತಗದು ಹಾಕ್ರಿ. ಎಷ್ಟು ಬೇಕೋ ಅಷ್ಟೇ ಬಿಡ್ತದ. ನೀರು ಬ್ಯಾಡ, ಎಣ್ಣಿ ಬ್ಯಾಡ, ಬಿಸಲಾಗ ಇಡಬ್ಯಾಡ್ರಿ. ಮ್ಯಾಲ ಬಿಗಿಯೂ ಪಟ್ಟಿ ಬ್ಯಾಡಂದಾರ ಕಂಪನಿಯವರು. ಪಿಸ್ತೂಲ್ ಹಿಡಿಯೂದು ಈ ಬಿಗಿನ ರೀ, ಬ್ಯಾರೆ ಏನೂ ಇಲ್ಲ."

ಸೋಮವಾರದ ಮುಂಜಾನೆಗೆ ಮೂರು ದಿನ ಪೂರ್ತಿಯಾಗುವುದಿಲ್ಲವಲ್ಲ ಕಾಕಾ ಎಂದೆ.

"ಒಂದ್ ದಿನ ಹೆಚ್ಚಿಗಿ ಕೇಳ್ರಲ್ಲ," ಎಂದರು. ಅಚ್ಚನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ, ಮೇಣದ ದಾರದಿಂದ ಕಟ್ಟಿ ಕೊಟ್ಟರು. ಅವರ ಹೆಂಡತಿ ಎರಡು ಕೆಂಪು ಬಾಳೆಹಣ್ಣು ಕೈಗಿಟ್ಟರು. ಬಸ್ಸಿನಲ್ಲಿ ಅವನ್ನು ತಿನ್ನುತ್ತ ಬಂದ ನೆನಪಿದೆ.

ಆ ಒಂದು ದಿನವನ್ನು ನಾನು ಕೇಳಲಿಲ್ಲ. ಕೇಳಿದರೆ ಸೋತಂತೆ ಕಾಣುತ್ತದೆ ಎಂದು — ಯಾರಿಗೆ, ಯಾವುದರಲ್ಲಿ, ಇಂದಿಗೂ ಹೇಳಲಾರೆ. ಅಚ್ಚಿನ ಗಂಟನ್ನೂ ಚೀಲದಿಂದ ಹೊರತೆಗೆಯಲಿಲ್ಲ. ಶನಿವಾರ ಇಡೀ ದಿನ ಒಂದು ಸಭೆಯಲ್ಲಿದ್ದೆ. ಕೈಕಸುಬಿನವರ ಅರಿವನ್ನು ನಮ್ಮ ಸಮಾಜ ಹೇಗೆ ಕಡೆಗಣಿಸಿದೆ ಎಂಬುದರ ಬಗ್ಗೆ ಮಾತನಾಡಿದೆ. ಚಪ್ಪಾಳೆ ಬಿತ್ತು. ಒರೆ ನೆನಪಾದದ್ದು ಭಾನುವಾರ ಮಧ್ಯಾಹ್ನ.

ನಮ್ಮ ಮನೆಯಲ್ಲಿ ಹೊಸ ಚಪ್ಪಲಿ ಕಾಲು ಕಚ್ಚಿದರೆ ಅವ್ವ ಕುಸುಬಿ ಎಣ್ಣೆ ಬಿಸಿ ಮಾಡಿ ಹಚ್ಚಿ ಮಾಳಿಗೆಯ ಬಿಸಿಲಿಗಿಡುತ್ತಿದ್ದಳು. ಮರುದಿನ ಚಪ್ಪಲಿ ಮೆತ್ತಗಾಗಿರುತ್ತಿತ್ತು. ನಾನೂ ಹಾಗೆಯೇ ಮಾಡಿದೆ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮಾಳಿಗೆಯ ಮೇಲೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಒರೆಯ ಒಳಗೆಲ್ಲ ಬೆರಳಿನಿಂದ ಎಣ್ಣೆ ಉಜ್ಜಿ ಎರಡು ತಾಸು ಇಟ್ಟೆ. ಚಪ್ಪಲಿ ಕಾಲಿಗೆ ಸಡಿಲ ಬಿಡಬೇಕು, ಒರೆ ಆಯುಧವನ್ನು ಬಿಡದೆ ಹಿಡಿಯಬೇಕು. ಈ ವ್ಯತ್ಯಾಸವನ್ನು ನನಗೆ ಹೇಳಲಾಗಿತ್ತು, ಸ್ಪಷ್ಟವಾಗಿ ಹೇಳಲಾಗಿತ್ತು. ನಾನು ಮರೆತಿರಲಿಲ್ಲ. ಸಾಯಿಬಣ್ಣನವರ ಮಾತು ಬಹುಶಃ ಅತಿಯಾದ ಎಚ್ಚರಿಕೆ ಇರಬೇಕು, ಅಷ್ಟೇನೂ ಆಗಲಿಕ್ಕಿಲ್ಲ ಎಂದುಕೊಂಡೆ. ಅವರ ಪರವಾಗಿ ಹೋರಾಡಲು ಸಿದ್ಧಳಿದ್ದೆ. ಅವರು ಹೇಳಿದ್ದನ್ನು ಕೇಳಲು —

ಸೋಮವಾರ ರಿವಾಲ್ವರ್ ಸಲೀಸಾಗಿ ಒಳಹೊಕ್ಕು ಸಲೀಸಾಗಿ ಹೊರಬಂತು. "ಜಾಮೀನು ಸಿಕ್ತು ನೋಡ್ರಿ," ಎಂದರು ಮಹಬೂಬ್ ಸಾಬರು. ವ್ಯವಸ್ಥಾಪಕರು ತಲೆಯಾಡಿಸಿದರು. ನಾನು ಅಲ್ಲಿಂದಲೇ ಸಾಯಿಬಣ್ಣನವರಿಗೆ ಫೋನು ಮಾಡಿ ಗೆದ್ದೆವು ಎಂದೆ.

ಎಣ್ಣೆ ಕುಡಿದ ಚರ್ಮ ಮೈಯ ಕಾವಿಗೆ ದಿನದಿನಕ್ಕೂ ಸಡಿಲಾಗುತ್ತ ಹೋಯಿತು. ಹತ್ತು ದಿನಗಳ ನಂತರ, ಸೇಡಂ ರಸ್ತೆಯ ಒಂದು ಬ್ಯಾಂಕಿನ ಮುಂದೆ ಮಹಬೂಬ್ ಸಾಬರು ಹಣ ಸಾಗಿಸುವ ವಾಹನದಿಂದ ಕೆಳಗೆ ಜಿಗಿದಾಗ, ಗುಂಡು ತುಂಬಿದ ರಿವಾಲ್ವರ್ ಜಾರಿ ಮೆಟ್ಟಿಲ ಮೇಲೆ ಬಿತ್ತು. ಗುಂಡು ಹಾರಲಿಲ್ಲ. ಸಾಲಿನಲ್ಲಿ ಜನ ನಿಂತಿದ್ದರು. ಹಾರಿದ್ದರೆ ಎಂಬ ಮಾತನ್ನು ಮುಗಿಸುವ ಧೈರ್ಯ ನನಗೆ ಇಂದಿಗೂ ಇಲ್ಲ.

ಸಾಯಿಬಣ್ಣನವರನ್ನೂ ನನ್ನನ್ನೂ ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಒರೆ ಇತ್ತು, ಬಾಯಿ ತೆರೆದುಕೊಂಡು. ವ್ಯವಸ್ಥಾಪಕರೆಂದರು: "ಚಪ್ಪಲಿ ಹೊಲಿಯೋರಿಗೆ ಇಂಥ ಕೆಲಸ ಕೊಟ್ಟಿದ್ದು ನಮ್ದ ತಪ್ಪು. ಇವರ ಕೈ ಇಷ್ಟೇ."

ಸಾಯಿಬಣ್ಣನವರು ಒರೆಯನ್ನು ಎತ್ತಿಕೊಂಡರು. ಹೆಬ್ಬೆರಳನ್ನು ಒಳಗೆ ಆಡಿಸಿದರು. ಮೂಗಿನ ಬಳಿ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕಾರ, ಇದಕ್ಕ ಏನರ ಹಚ್ಚಿದ್ರೇನ್ರಿ?"

"ಇಲ್ಲ," ಎಂದೆ.

ಅವರು ಹೆಬ್ಬೆರಳನ್ನು ಒಂದು ಕ್ಷಣ ನೋಡಿ ಧೋತರಕ್ಕೆ ಒರೆಸಿಕೊಂಡರು. "ಹಂಗಾರ ಚರ್ಮದ್ದ ತಪ್ಪಿರಬೇಕ್ರಿ ಸಾಹೇಬ್ರ," ಎಂದರು.

ಆಗ ನಾನು ಎದ್ದು ನಿಂತೆ. ಚಪ್ಪಲಿ ಹೊಲಿಯೋರು ಎಂಬ ಆ ಮಾತಿನ ಹಿಂದಿನ ಶತಮಾನಗಳ ಅವಮಾನದ ಬಗ್ಗೆ ಆ ವ್ಯವಸ್ಥಾಪಕರಿಗೆ ಬಹಳ ಹೊತ್ತು ಹೇಳಿದೆ. ಸಾಯಿಬಣ್ಣನವರನ್ನು ಉಳಿಸಬಹುದಾಗಿದ್ದದ್ದು ಎರಡು ಶಬ್ದ — ಹೌದು, ಹಚ್ಚಿದ್ದೆ. ಅವುಗಳನ್ನು ಬಿಟ್ಟು ಎಲ್ಲ ಶಬ್ದಗಳನ್ನೂ ಬಳಸಿದೆ.

ಕೆಲಸ ಕಪನೂರಿಗೆ ಹೋಯಿತು. ಮಹಬೂಬ್ ಸಾಬರ ಕೈಯಿಂದ ರಿವಾಲ್ವರ್ ತೆಗೆದುಕೊಂಡು ಗೇಟು ಕಾಯಲು ಹಾಕಿದರು. ಅವರು ತಿಂಗಳೊಳಗೆ ಕೆಲಸ ಬಿಟ್ಟು ಹೈದರಾಬಾದಿನ ಮಗಳ ಮನೆಗೆ ಹೋದರಂತೆ. ನಾನು ಲೇಖನ ಬರೆದೆ. ಮೆಚ್ಚಿ ಪತ್ರಗಳು ಬಂದವು. ಒಂದೊಂದು ಪತ್ರಕ್ಕೂ ಉತ್ತರಿಸಿದೆ.

ಈ ಚಳಿಗಾಲದಲ್ಲಿ ಸರಿಪಡಿಸಲು ಹೊರಟೆ. ಸಂಸ್ಥೆಯಲ್ಲಿ ಆ ವ್ಯವಸ್ಥಾಪಕರಿಲ್ಲ. ಹೊಸಬರು ನನ್ನ ಮಾತನ್ನು ಸೌಜನ್ಯದಿಂದ ಕೇಳಿದರು. "ಈಗ ಎಲ್ಲಾ ನೈಲಾನಿನವು ಮೇಡಂ. ಚರ್ಮದ್ದು ಯಾರ ಹಾಕೋತಾರ? ಚಾ ತರಸ್ಲ್ಯಾ?" ಎಂದರು. ಮಹಬೂಬ್ ಸಾಬರ ಹಳೆಯ ನಂಬರಿನಲ್ಲಿ ಬೇರೆ ಯಾರೋ ಮಾತನಾಡುತ್ತಾರೆ. ತಪ್ಪನ್ನು ಒಪ್ಪಿಕೊಂಡರೆ ಏನಾದರೂ ಬದಲಾಗುತ್ತದೆ ಎಂದು ನಂಬಿದ್ದೆ; ನನ್ನ ಒಪ್ಪಿಗೆಯನ್ನು ತೆಗೆದುಕೊಳ್ಳುವವರೇ ಅಲ್ಲಿ ಉಳಿದಿರಲಿಲ್ಲ.

ಕೊನೆಗೆ ಕಮಲಾಪುರಕ್ಕೆ ಹೋದೆ. ಸಾಯಿಬಣ್ಣನವರು ಬಸ್ ನಿಲ್ದಾಣದ ಪಕ್ಕದ ತಗಡಿನ ಡಬ್ಬಿಯಂಗಡಿಯಲ್ಲಿ ಶಾಲೆಯ ಚೀಲವೊಂದಕ್ಕೆ ಜಿಪ್ ಕೂಡಿಸುತ್ತಿದ್ದರು. ಹಿಂದಿನ ತಗಡಿಗೆ ನನ್ನ ಲೇಖನವನ್ನು ಅಂಟಿಸಿದ್ದರು. ಹಳದಿಗಟ್ಟಿತ್ತು. ನಾನು ಕೆಂಪು ಬಟ್ಟೆಯ ಗಂಟನ್ನು ಅವರ ಮುಂದಿಟ್ಟು ಹೇಳಿದೆ — ಎಲ್ಲವನ್ನೂ, ಎಣ್ಣೆಯನ್ನು, ಮಾಳಿಗೆಯನ್ನು, ಆ 'ಇಲ್ಲ'ವನ್ನು.

ಅವರು ದಾರದ ಮೇಲೆ ಬೆರಳಾಡಿಸಿದರು. "ಗಂಟು ನಂದ ಅದ. ಬಿಚ್ಚೇ ಇಲ್ಲ," ಎಂದರು. ಗಂಟನ್ನು ಪಕ್ಕಕ್ಕಿಟ್ಟು ಹೇಳಿದರು: "ಗೊತ್ತಿತ್ರಿ ಅಕ್ಕಾರ. ಕುಸುಬಿ ಎಣ್ಣಿ ವಾಸನಿ ನನಗ ತಿಳಿಯಂಗಿಲ್ಲೇನ್ರಿ?"

"ಮತ್ತೆ ಯಾಕೆ ಹೇಳಲಿಲ್ಲ ಕಾಕಾ?"

"ಅಲ್ಲಿ ನಮ್ಮ ಕಡಿ ಇದ್ದವ್ರು ನೀವೊಬ್ರ. ನಿಮ್ಮನ್ನ ಸುಳ್ಳಿ ಅಂದ್ರ ನನಗ ಯಾರ ಉಳೀತಿದ್ರು?"

ಆ ಲೇಖನವನ್ನು ಕಿತ್ತುಹಾಕಿ ಎಂದು ಕೇಳಿಕೊಂಡೆ. ಅವರು ಬೇಡವೆಂದು ತಲೆಯಾಡಿಸಿದರು. "ಇರ್ಲಿ ಬಿಡ್ರಿ. ಅದರಾಗ ನನ್ನ ಹೆಸರದ. ಪೇಪರಿನ್ಯಾಗ ಇನ್ನೆಲ್ಲಿ ಬರ್ತದ?" ಎಂದು ಜಿಪ್ಪಿನ ಕಡೆ ತಿರುಗಿದರು. ನನ್ನನ್ನು ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಕೇಳಿದ್ದರೆ ಅದನ್ನೂ ಅವರು ಕೊಟ್ಟುಬಿಡುತ್ತಿದ್ದರು.

ಸಾಯಿಬಣ್ಣ ಕಾಕಾ, ಈ ಬರಹದಲ್ಲಿಯೂ ನಿಮ್ಮ ಹೆಸರಿದೆ. ಅಚ್ಚಾದ ದಿನ ಪತ್ರಿಕೆ ತೆಗೆದುಕೊಂಡು ಕಮಲಾಪುರಕ್ಕೆ ಬರುತ್ತೇನೆ. ನಿಮ್ಮ ಓಣಿಯಲ್ಲಿ, ನಿಮ್ಮ ತಮ್ಮಂದಿರು ಕೇಳುವಂತೆ, ಮೊದಲ ಸಾಲಿನಿಂದ ನಾನೇ ಓದುತ್ತೇನೆ. ಓದಿ ಮುಗಿದ ಮೇಲೆ ನೀವು ಹೇಳುವುದನ್ನು ಈ ಸಲ ಕೇಳುತ್ತೇನೆ.