ವನಜಾಕ್ಷಿಯವರ ಫಾರಿನ್ ಮೊಣಕಾಲು

ಮೊದಲು ಸದ್ದು. ನೋವು ಆಮೇಲೆ ಬಂತು.

ರೊಟ್ಟಿ ಬಡಿದು ಮುಗಿಸಿ, ನೆಲಕ್ಕೆ ಕೈಯೂರಿ ಏಳುತ್ತಿದ್ದೆ. ಬಲಗಡೆಯ ಮೊಣಕಾಲಿನೊಳಗೆ ಕಟಕ್ ಎಂದಿತು. ಹಾಲ್‌ನಲ್ಲಿ ಕೂತಿದ್ದ ಮಗಳು ಗೌರಿ, "ಆಯಿ, ಏನ್ ಮುರೀತು?" ಎಂದು ಕೇಳಿದಳು. ನಾಗಪುರದಲ್ಲೇ ಬೆಳೆದ ಹುಡುಗಿ, ಅವ್ವ ಅನ್ನುವುದಿಲ್ಲ. ಲಟ್ಟಣಿಗೆ ಬಿತ್ತು ಎಂದು ಸುಳ್ಳು ಹೇಳಿದೆ. ಕೈಯಲ್ಲಿ ಬಡಿಯುವ ರೊಟ್ಟಿಗೆ ಲಟ್ಟಣಿಗೆ ಯಾಕೆ ಬೇಕು ಎಂದು ಅವಳಿಗೂ ಹೊಳೆಯಲಿಲ್ಲ.

ನಾವು ಗದಗದ ಕಡೆಯವರು. ನಮ್ಮವರ ರೈಲ್ವೆ ನೌಕರಿ ನಮ್ಮನ್ನು ನಾಗಪುರಕ್ಕೆ ತಂದು ಹಾಕಿತು. ಮನೀಶ್ ನಗರದ ಈ ಫ್ಲ್ಯಾಟಿನ ಅಡುಗೆಮನೆಯಲ್ಲಿ ಕಲ್ಲಿನ ಕಟ್ಟೆ ಇದೆ. ಇದ್ದರೇನು, ನಾನು ಸಣ್ಣ ಒಲೆಯನ್ನು ನೆಲಕ್ಕಿಟ್ಟು, ಚಕ್ಕಳಮಕ್ಕಳ ಹಾಕಿ ಕೂತೇ ರೊಟ್ಟಿ ಬಡಿಯುವವಳು. ನಿಂತು ಬಡಿದರೆ ನನ್ನ ಕೈ ಓಡುವುದಿಲ್ಲ, ಅಂಚು ಒಡೆಯುತ್ತದೆ. ಪ್ರತಿ ಎಳ್ಳಮಾವಾಸ್ಯೆಗೆ ಇಲ್ಲಿಯ ಕನ್ನಡದ ಮನೆಯವರೆಲ್ಲ ಸೇರಿ ಪರಿಚಯದವರೊಬ್ಬರ ಕಿತ್ತಳೆ ತೋಟಕ್ಕೆ ಹೋಗುತ್ತೇವೆ. ಊರಿನಲ್ಲಿ ಹೊಲಕ್ಕೆ ಚರಗ ಚೆಲ್ಲಿ ಭೂಮಿತಾಯಿಗೆ ಎಡೆ ಕೊಡುವ ಹಾಗೆ ಇಲ್ಲಿ ಕಿತ್ತಳೆ ಗಿಡಗಳ ನಡುವೆ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ಆ ಊಟದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನನ್ನದು. ಆ ಕೆಲಸ ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮೊಣಕಾಲು ಹೋಗುತ್ತಿದೆ ಎಂದಾಗ ನನಗೆ ಮೊದಲು ನೆನಪಾಗಿದ್ದು ಅದೇ.

ಎಣ್ಣೆ ತಿಕ್ಕಿದ್ದಾಯಿತು, ಬೆಲ್ಟ್ ಕಟ್ಟಿದ್ದಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ಶುರುವಾಯಿತು. ಕಡೆಗೆ ರಾಮದಾಸಪೇಠ್‌ನ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹಿಂದಿಯಲ್ಲಿ ಹೇಳಿದರು. "ಕಾಕೂ, ಕಾರ್ಟಿಲೇಜ್ ಪೂರ್ತಿ ಸವೆದಿದೆ. ಎಲುಬಿಗೆ ಎಲುಬು ಉಜ್ಜುತ್ತಿದೆ. ಮೊಣಕಾಲು ರಿಪ್ಲೇಸ್‌ಮೆಂಟ್ ಮಾಡಲೇಬೇಕು."

ಹಳೇ ಮಿಕ್ಸರ್ ಬಗ್ಗೆ ಮಾತಾಡಿದ ಹಾಗೆ ಹೇಳಿಬಿಟ್ಟರು.

ಇಂಪ್ಲಾಂಟ್ ಆರಿಸಲು ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿಯ ಹುಡುಗಿ ಮಿರಿಮಿರಿ ಮಿಂಚುವ ಪುಸ್ತಕ ತೆರೆದಳು. ಒಂದು ನಮ್ಮ ದೇಶದ ಕಂಪನಿಯದು. ರೈಲ್ವೆಯವರು ಹಣ ಕೊಡುವುದು ಅದಕ್ಕೇ. ಇನ್ನೊಂದು ಹೊರದೇಶದ ದೊಡ್ಡ ಬ್ರ್ಯಾಂಡ್, ಹೈ ಫ್ಲೆಕ್ಸ್, ಅಂದರೆ ಹೆಚ್ಚು ಬಗ್ಗುವಂಥದು. ಆ ಪುಟದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ನಗುತ್ತಿದ್ದಳು. ನನ್ನ ಹೊಟ್ಟೆ ಮೊದಲು ಉರಿದಿದ್ದು ಆ ಚಿತ್ರದವಳನ್ನು ನೋಡಿ.

"ನಮ್ಮ ರೈಲಿನ ಗಾಲಿನೂ ನಮ್ಮ ದೇಶದಾಗೇ ಮಾಡ್ತಾರ. ಓಡಂಗಿಲ್ಲೇನು?" ಎಂದರು ನಮ್ಮವರು.

"ನಾ ಏನು ಗೂಡ್ಸ್ ಗಾಡೀನ?" ಎಂದೆ. ಕನ್ನಡ ಬರದಿದ್ದರೂ ಹುಡುಗಿ ಪುಸ್ತಕ ಮುಚ್ಚಿಟ್ಟಳು.

ಹೀಗೆ ಕೇಳಿದವಳು ಯಾರು ನೋಡಿ. ಸಂಸಾರ ಹೂಡಿದಾಗಿನಿಂದ ಲೂಸ್ ಚಹಾಪುಡಿ ತಂದವಳು ನಾನು. ನನ್ನ ಬಿಪಿ ಗುಳಿಗೆ ಜೆನರಿಕ್ ಅಂಗಡಿಯದು. ಗೌರಿ ಬ್ರ್ಯಾಂಡಿನ ಬೂಟು ಬೇಕೆಂದಾಗ, ಸೀತಾಬರ್ಡಿಯ ಫುಟ್‌ಪಾತಿನ ಬೂಟಿಗೂ ಅದೇ ಎರಡು ಕಾಲು ತಾನೇ ಎಂದು ಬುದ್ಧಿ ಹೇಳಿದ್ದೆ. ಈಗ ಅವಳು ಸೇಡು ತೀರಿಸಿಕೊಂಡಳು. "ಬ್ರ್ಯಾಂಡ್‌ನಾಗ ಏನೈತಿ ಆಯಿ? ಬರೋಬರ್ ನಡದ್ರ ಆತಲ್ಲ."

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಎದುರು ಫ್ಲ್ಯಾಟಿನ ವನಜಾಕ್ಷಿಯವರ ಮೊಣಕಾಲೂ ಅದೇ ಹೊತ್ತಿಗೆ ಕೈಕೊಟ್ಟಿತು.

ಮೈಸೂರಿನವರು. ಯಜಮಾನರು ಏರ್‌ಫೋರ್ಸಿನಿಂದ ನಿವೃತ್ತರು. ನಮ್ಮ ಕಟ್ಟಡದಲ್ಲಿ ಕನ್ನಡದ ಮನೆ ಎಂದರೆ ನಮ್ಮವೆರಡೇ, ಅವರ ಬೀಗದ ಕೈ ನಮ್ಮಲ್ಲಿ, ನಮ್ಮದು ಅವರಲ್ಲಿ. ಅದೇ ಆಸ್ಪತ್ರೆ, ಅದೇ ಡಾಕ್ಟರು, ಅದೇ ಬಲಗಾಲು. ಆದರೆ ಅವರ ಯಜಮಾನರು ಕೈಯಿಂದ ಹಣ ಹಾಕಿ ಫಾರಿನ್ ಹೈ ಫ್ಲೆಕ್ಸ್ ಹಾಕಿಸಿದರು. ವನಜಾಕ್ಷಿಯವರು ಅಡುಗೆ ಮಾಡುವುದು ನಿಂತು. ಉಣ್ಣುವುದು ಟೇಬಲ್ಲಿನ ಮೇಲೆ. ಪೂಜೆಗೂ ಅವರಿಗೆ ಕುರ್ಚಿ. ನೆಲಕ್ಕೆ ಕೂರುವ ಮೊಣಕಾಲು ಅವರಿಗೆ ಯಾಕೆ ಬೇಕಿತ್ತು? ನನಗೆ ಅದನ್ನು ನೆನೆಸಿಕೊಂಡರೆ ತುತ್ತು ಇಳಿಯುತ್ತಿರಲಿಲ್ಲ.

ನನ್ನ ಆಪರೇಷನ್ ಆಯಿತು, ರೈಲ್ವೆಯವರ ದೇಶಿ ಮಾಲಿನಿಂದಲೇ. ಮತ್ತಿನಿಂದ ಎಚ್ಚರವಾದಾಗ ಕಾಲು ನನ್ನದಲ್ಲ ಎನಿಸಿತು. ಯಾರದೋ ಭಾರವಾದ ಸಾಮಾನನ್ನು ನನ್ನ ಸೊಂಟಕ್ಕೆ ಕಟ್ಟಿದ್ದರು. ಮಾರನೆಯ ದಿನ ವಾಕರ್ ಹಿಡಿಸಿ ನಿಲ್ಲಿಸಿದರು. ನೋವಿಗೆ ಕಣ್ಣು ಕತ್ತಲಿಟ್ಟಿತು.

ವನಜಾಕ್ಷಿಯವರ ಕೋಣೆ ಪಕ್ಕದಲ್ಲೇ. ಫಿಸಿಯೋದ ಹುಡುಗಿ ಬಂದರೆ ನಾನು ಕೇಳುತ್ತಿದ್ದುದು, "ಅವರದು ಎಷ್ಟು ಬಗ್ಗಿತು?" ನನ್ನದಕ್ಕಿಂತ ಹೆಚ್ಚು, ಯಾವಾಗಲೂ ಸ್ವಲ್ಪ ಹೆಚ್ಚು. ಮನೆಗೆ ಬಂದ ಮೇಲೂ ಅಷ್ಟೇ. ಬಾಲ್ಕನಿಯಿಂದ ನೋಡುತ್ತಿದ್ದೆ. ಸಂಜೆ ಅವರು ಕೆಳಗೆ ಕಾಂಪೌಂಡಿನಲ್ಲಿ ಕೈ ಬೀಸಿಕೊಂಡು ನಡೆಯುವರು. ಪಕ್ಕದಲ್ಲಿ ಯಜಮಾನರು ಸಿಕ್ಕವರಿಗೆಲ್ಲ ಹೊಸ ಕಾರು ತೋರಿಸಿದ ಹಾಗೆ ಕಂಪನಿಯ ಹೆಸರು ಹೇಳುವರು. "ಝೀರೋ ಪೇನ್!" ನಾನು ವಾಕರಿನ ಮೇಲೆ ಬಾಗಿ ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ನಾನೋ ದಿನವಿಡೀ ನರಳುತ್ತಿದ್ದೆ. ಅಗ್ಗದ ಮಾಲು, ಹೀಗೇ ಆಗುವುದು ಎಂದು ಬಂದವರಿಗೆಲ್ಲ ಹೇಳಿದೆ. ನಮ್ಮವರಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ. ಬಗ್ಗದ ಮಾಲನ್ನು ಬಗ್ಗಿಸಿ ಏನು ಫಲ ಎಂದು ಎಕ್ಸರ್‌ಸೈಜ್ ಬಿಟ್ಟೆ. ಹಾಸಿಗೆಯ ಮೇಲೆ ಮಾಡಬೇಕಾದ ವ್ಯಾಯಾಮ ಮಾಡಿದೆ ಎಂದು ಫೋನಿನಲ್ಲಿ ಫಿಸಿಯೋ ಹುಡುಗಿಗೆ ಹೇಳಿ ಟಿವಿ ನೋಡುತ್ತಿದ್ದೆ.

ಎಳ್ಳಮಾವಾಸ್ಯೆ ಹತ್ತಿರ ಬಂತು. ಒಂದು ಮಧ್ಯಾಹ್ನ ವನಜಾಕ್ಷಿಯವರ ಫೋನು.

"ಈ ಸಲ ನೀವು ತೊಂದ್ರೆ ತಗೋಬೇಡಿ ಶಕುಂತಲಾ. ಒಳ್ಳೇ ಬ್ರ್ಯಾಂಡಿನ ಪ್ಯಾಕೆಟ್ ರೊಟ್ಟಿ ಸಿಗುತ್ತಂತೆ. ಎಲ್ಲರ ಹತ್ರಾನೂ ಮಾತಾಡಿದೀನಿ, ನಾನೇ ತರಿಸಿಬಿಡ್ತೀನಿ."

ಪ್ಯಾಕೆಟ್ ರೊಟ್ಟಿ.

ಮಾತು ಮುಗಿದದ್ದೇ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ಹಿಟ್ಟಿನ ಡಬ್ಬಿ ನೆಲಕ್ಕಿಟ್ಟೆ, ಒಲೆ ಇಳಿಸಿದೆ. ಕಟ್ಟೆ ಹಿಡಿದು, ಹಲ್ಲು ಕಚ್ಚಿ, ಕೆಳಗೆ ಕೂತೆ. ಕೊನೆಯಲ್ಲಿ ಕೈ ಜಾರಿ ಧಪ್ಪೆಂದು ಬಿದ್ದೆ ಎನ್ನುವುದೇ ಸರಿ. ಎಡಗಾಲು ಮಡಚಿತು. ಬಲಗಾಲು ಅರ್ಧಕ್ಕೆ ನಿಂತು ಬಾತುಕೋಳಿಯ ಕತ್ತಿನ ಹಾಗೆ ಎದ್ದುಕೊಂಡಿತು. ಚಕ್ಕಳಮಕ್ಕಳದ ಮಾತೇ ಇಲ್ಲ. ಏಳಲು ನೋಡಿದೆ. ಆಗಲಿಲ್ಲ. ಮತ್ತೆ ನೋಡಿದೆ. ನೋವಿಗಿಂತ ಭಯವೇ ಹೆಚ್ಚಾಯಿತು.

ನಮ್ಮವರು ಡ್ಯೂಟಿಯಲ್ಲಿ, ಫೋನ್ ಎತ್ತಲಿಲ್ಲ. ಗೌರಿ ಕ್ಲಾಸಿನಲ್ಲಿ. ಬೀಗದ ಕೈ ಇದ್ದುದು ಒಬ್ಬರಲ್ಲೇ. ಸಾಯುವಷ್ಟು ನಾಚಿಕೆಯಾದರೂ ಅವರಿಗೇ ಫೋನ್ ಮಾಡಿದೆ.

ಬಾಗಿಲು ತೆರೆಯಿತು. ಟಕ್, ಟಕ್ ಎಂದು ಸದ್ದು ಬಂತು. ವನಜಾಕ್ಷಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

ಅವರ ಕೈಯಲ್ಲಿ ಕೋಲಿತ್ತು.

"ಎಳೀರಿ ಸ್ವಲ್ಪ, ಕೈ ಕೊಡ್ರಿ," ಎಂದೆ.

"ಬಗ್ಗಕ್ಕಾಗಲ್ಲ ಕಣ್ರೀ ನಂಗೆ," ಎಂದರು. ಅವರ ಮುಖ ಬಿಳಿಚಿತ್ತು. "ನಾನೂ ನಿಮ್ಮ ಪಕ್ಕದಲ್ಲಿ ಬಿದ್ದುಬಿಡ್ತೀನಿ."

"ನಿಮ್ದು ಫಾರಿನ್ ಅಲ್ರೀ?"

ಅವರು ಮೂಲೆಯಲ್ಲಿದ್ದ ಸ್ಟೂಲನ್ನು ಕೋಲಿನಿಂದ ನನ್ನ ಹತ್ತಿರ ತಳ್ಳಿದರು. ಪಕ್ಕಕ್ಕೆ ಹೊರಳಿ, ಆಪರೇಷನ್ ಕಾಲನ್ನು ಚಾಚಿ, ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ, ಸ್ಟೂಲ್ ಹಿಡಿದು ಏಳಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟರು. ಎದ್ದೆ. ಬೆವರಿನಲ್ಲಿ ಮುಳುಗಿದ್ದೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಬಾತ್‌ರೂಮಲ್ಲಿ ಬಿದ್ದಿದ್ದೆ. ಮನೇಲಿ ಹೇಳಿಲ್ಲ." ಕೋಲನ್ನು ಕಟ್ಟೆಗೆ ಒರಗಿಸಿದರು. "ಅಷ್ಟು ದುಡ್ಡು ಸುರಿದು ಹಾಕ್ಸಿದಾರೆ. ಎಲ್ಲರ ಮುಂದೆ ನೋವೇ ಇಲ್ಲ ಅಂತಾರೆ. ನೋವು ಅಂದ್ರೆ ಅವರ ಮುಖ ಚಿಕ್ಕದಾಗುತ್ತೆ. ಕೆಳಗೆ ನಡೆದು ಬಂದ್ಮೇಲೆ ಬಾಗಿಲು ಹಾಕ್ಕೊಂಡು ಐಸ್ ಇಟ್ಕೋತೀನಿ. ನೀವು ಬಾಲ್ಕನೀಲಿ ಜೋರಾಗಿ ನರಳೋದು ಕೇಳ್ಸುತ್ತೆ. ಎಷ್ಟು ಹೊಟ್ಟೆಕಿಚ್ಚಾಗುತ್ತೆ ಗೊತ್ತಾ?"

ನನ್ನ ನರಳಾಟವನ್ನು ಕಂಡೂ ಅಸೂಯೆ ಪಡುವವರಿದ್ದಾರೆಂದು ನನಗೆಲ್ಲಿ ಗೊತ್ತಿತ್ತು? ಚಹಾ ಮಾಡಿದೆ. ನಿಂತೇ ಕುಡಿದೆವು. ಪ್ಯಾಕೆಟ್ ರೊಟ್ಟಿಯ ಮಾತು ಯಾರೂ ಎತ್ತಲಿಲ್ಲ.

ಮಾರನೆಯ ದಿನ ಎಕ್ಸ್‌ರೇ ಆಯಿತು. ಇಂಪ್ಲಾಂಟ್ ಅಲ್ಲಾಡಿರಲಿಲ್ಲ. ಡಾಕ್ಟರು ಚೆನ್ನಾಗಿ ಬೈದರು. ನೆಲಕ್ಕೆ ಕೂರಬೇಡಿ ಎಂದು ಇಬ್ಬರಿಗೂ ಹೇಳಿದ್ದೆ ಎಂದರು. ಯಾವುದು ಒಳ್ಳೆಯದು, ನನ್ನದೋ ಅವರದೋ ಎಂದು ಕೇಳಿಯೇ ಬಿಟ್ಟೆ. "ಅವರದು ಎಷ್ಟೋ ವರ್ಷದಿಂದ ಬಳಕೆಯಲ್ಲಿದೆ, ಅದರ ದಾಖಲೆ ಹೆಚ್ಚಿದೆ ಕಾಕೂ, ಅದು ನಿಜ. ನಿಮ್ಮದೂ ಒಳ್ಳೆಯದೇ. ಹೆಚ್ಚು ವರ್ಷ ಯಾವುದು ಬರುತ್ತೋ ನಾನು ಹೇಳಲಾರೆ. ಆದರೆ ನಿಮ್ಮ ತೊಡೆಯಲ್ಲಿ ಶಕ್ತಿಯೇ ಇಲ್ಲ. ಎಕ್ಸರ್‌ಸೈಜ್ ಮಾಡುತ್ತಿದ್ದೀರಾ?" ನಾನು ಗೋಡೆಯ ಗಡಿಯಾರ ನೋಡಿದೆ.

ಅವತ್ತಿನಿಂದ ಮಾಡುತ್ತಿದ್ದೇನೆ. ವನಜಾಕ್ಷಿಯವರು ನಮ್ಮ ಮನೆಗೇ ಬರುತ್ತಾರೆ. ಬಾಗಿಲು ಹಾಕಿಕೊಂಡು ಇಬ್ಬರೂ ಮನಸಾರೆ ನರಳಿಕೊಂಡು ಕಾಲು ಬಗ್ಗಿಸುತ್ತೇವೆ. ಅವರದು ಈಗಲೂ ಸ್ವಲ್ಪ ಹೆಚ್ಚು ಬಗ್ಗುತ್ತದೆ.

ಎಳ್ಳಮಾವಾಸ್ಯೆಯ ರೊಟ್ಟಿಯನ್ನು ಕಟ್ಟೆಯ ಮೇಲೆ, ನಿಂತೇ ಬಡಿದೆ. ಅಂಚು ಒಡೆಯಿತು. ವನಜಾಕ್ಷಿಯವರು ಎತ್ತರದ ಸ್ಟೂಲಿನ ಮೇಲೆ ಕೂತು ಎಳ್ಳು ಹಚ್ಚಿದರು, ದಂಡಿಯಾಗಿ, ಬೇಡವೆಂದರೂ ಕೇಳದೆ.

ತೋಟದಲ್ಲಿ ಚರಗ ಚೆಲ್ಲಿ ಮುಗಿದಿತ್ತು. ವನಜಾಕ್ಷಿಯವರ ಯಜಮಾನರು ಯಾರಿಗೋ ಹೇಳಲು ಶುರು ಮಾಡಿದ್ದರು. "ಝೀರೋ ಪೇನ್! ಬೇಕಾದ್ರೆ ಇಡೀ ತೋಟ ಒಂದು ಸುತ್ತು ಹಾಕ್ತಾಳೆ, ನೋಡಿ. ವನಜಾ, ಬಾ." ವನಜಾಕ್ಷಿಯವರು ಕೋಲು ತಂದಿರಲಿಲ್ಲ. ಉಬ್ಬುತಗ್ಗಿನ ನೆಲವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ನಾನು ಮೊಣಕಾಲು ಹಿಡಿದುಕೊಂಡೆ. "ಅಯ್ಯಯ್ಯ, ನನ್ನ ಕಾಲು ಭಾಳ ನೋಯಾಕತ್ತೇತ್ರಿ," ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. "ಅಗ್ಗದ ಮಾಲು ನೋಡ್ರಿ ನಂದು. ವನಜಾಕ್ಷಿಯವರ, ನನ್ನ ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡ್ರಿ, ಬರ್ರಿ, ಕುಂದ್ರೂಣು."

"ಪಾಪ, ಅವರ ಜೊತೆ ಇರ್ತೀನಿ," ಎಂದು ಯಜಮಾನರಿಗೆ ಹೇಳಿ ಅವರು ನನ್ನ ಪಕ್ಕಕ್ಕೆ ಬಂದರು. ಮೆಲ್ಲಗೆ ಉಸಿರು ಬಿಟ್ಟು ಕೂತರು. ಉಳಿದವರೆಲ್ಲ ನೆಲದ ಮೇಲೆ ಕೂತು ಅಂಚೊಡೆದ ರೊಟ್ಟಿ ಮುರಿಯುತ್ತಿದ್ದರು. ನಮಗಿಬ್ಬರಿಗೆ ಮಾತ್ರ ಕುರ್ಚಿ ಹಾಕಿದ್ದರು. ಅವರದಕ್ಕೆ ಕೈ ಇತ್ತು, ನನ್ನದಕ್ಕೆ ಇರಲಿಲ್ಲ.

ಅದನ್ನೂ ನೋಡಿದೆ. ನೋಡದೇ ಇರುವುದು ನನ್ನಿಂದ ಆಗದ ಮಾತು.