ಹನ್ನೆರಡನೆಯ ಭೇಷ್

ಆರು ವರ್ಷಗಳ ಶನಿವಾರದ ಪಾಠಗಳಲ್ಲಿ ಗುರುಗಳು ನನಗೆ "ಭೇಷ್" ಎಂದದ್ದು ಹನ್ನೊಂದು ಸಲ. ಪ್ರತಿಯೊಂದರ ತಾರೀಖೂ ಡೈರಿಯಲ್ಲಿದೆ. ಅವರು ಮೈಸೂರಿನಲ್ಲಿ, ನಾನು ಅಮೆರಿಕದ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಮೃದಂಗ ಇಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ. ನಡುವೆ ಸದಾ ಮುಕ್ಕಾಲು ಸೆಕೆಂಡಿನ ಅಂತರ. ಹಾಗಾಗಿ ಅವರು ತಾಳ ಹಾಕಿ ನಾನು ನುಡಿಸುವುದು ಒಂದು ದಿನವೂ ಆಗಲಿಲ್ಲ. ನಾನೇ ಎಣಿಸಿಕೊಂಡು ನುಡಿಸುತ್ತಿದ್ದೆ. ಮುಗಿದ ಮೇಲೆ ಅವರು ತಪ್ಪು ಹೇಳುತ್ತಿದ್ದರು.

ಈ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ಗುರುಗಳು ಹೊಲೊಗ್ರಾಮ್ ಆಗಿ ಬರುತ್ತಾರೆ, ನಿನ್ನ ಪಕ್ಕ ಕೂತು ತಾಳ ಹಾಕುತ್ತಾರೆ ಎಂದು ಇಲ್ಲಿನ ಕನ್ನಡ ಸಂಘದ ಅಂಕಲ್ ಹೇಳಿದಾಗ ನಾನು ಮೊದಲು ಕೇಳಿದ್ದೇ ಅದನ್ನು.

"ಅಂಕಲ್, ಡಿಲೇ?"

"ಅದೆಲ್ಲ ಹಳೇ ಕಥೆ ಕಣಮ್ಮ. ಇದು ಫುಲ್ ಲೈವ್. ಅವ್ರು ಅಲ್ಲಿ ಕ್ಯಾಮೆರಾ ಮುಂದೆ ಕೂತ್ಕೋತಾರೆ, ಇಲ್ಲಿ ನಿನ್ನ ಪಕ್ಕ ಕಾಣ್ತಾರೆ. ನೀನು ಸುಮ್ನೆ ನುಡಿಸು."

ಗುರುಗಳನ್ನೂ ಕೇಳಿದೆ. "ಬರ್ತೀನಿ ಮಗು" ಎಂದರು. ನಲವತ್ತೊಂದು ದಿನ ತಪ್ಪದೆ ಅಭ್ಯಾಸ ಮಾಡಿದೆ.

ಏಪ್ರಿಲ್, ಭಾನುವಾರ, ಸಂಜೆ ನಾಲ್ಕು. ಬಾಡಿಗೆಗೆ ಹಿಡಿದ ಶಾಲೆಯ ಆಡಿಟೋರಿಯಂ. ನನ್ನ ಎಡಕ್ಕೆ, ಕಣ್ಣಿಗೆ ಕಾಣದಷ್ಟು ತೆಳುವಾದ ಪರದೆಯಲ್ಲಿ, ಗುರುಗಳು ಜರಿ ಶಲ್ಯ ಹೊದ್ದು ಕೂತಿದ್ದರು. ಅವರ ಕೈ ತೊಡೆಯ ಮೇಲೆ ಬಿದ್ದ ಕ್ಷಣಕ್ಕೇ ನನ್ನ ಕೈ ಮೃದಂಗದ ಮೇಲೆ ಬಿತ್ತು. ಮುಕ್ಕಾಲು ಸೆಕೆಂಡು ಇರಲಿಲ್ಲ. ಆ ಖುಷಿಗೇ ಇರಬೇಕು, ಕೊನೆಯ ಮುಕ್ತಾಯದಲ್ಲಿ ಲೆಕ್ಕ ತಪ್ಪಿತು. ತಾಳದ ಮೊದಲ ಏಟಿನ ಮೇಲೆ ಬಂದು ಕೂರಬೇಕಾದ ನುಡಿ, ಏಟು ದಾಟಿದ ಮೇಲೆ ಬಿತ್ತು. ಇಂಥ ತಪ್ಪಿಗೆ ಗುರುಗಳು ಕನ್ನಡಕ ತೆಗೆದು ಮಡಿಲಲ್ಲಿಡುತ್ತಾರೆ. ಕಾದೆ. ಅವರು ತಲೆದೂಗಿ, ನಾನಿಲ್ಲದ ಕಡೆ ನೋಡಿ, "ಭೇಷ್!" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಪರದೆಯ ಹಿಂದೆ ಹೋಗಿ, ಗುರುಗಳ ಹತ್ತಿರ ಒಂದು ನಿಮಿಷ ಮಾತಾಡಬೇಕು ಎಂದೆ. ಪ್ರೊಜೆಕ್ಟರ್ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ಕಾಲ್ ಏನೂ ಇಲ್ಲ. ವಿಡಿಯೋ ಫೈಲ್ ಅಷ್ಟೆ," ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಂಕಲ್ ನಕ್ಕರು. "ಅಲ್ಲಿ ರಾತ್ರಿ ಒಂದೂವರೆ ಅಲ್ವೇನಮ್ಮ? ಪಾಪ, ವಯಸ್ಸಾದೋರು. ಯಾರಿಗ್ ಗೊತ್ತಾಯ್ತು ಹೇಳು?"

ಮರುದಿನ ಫೋನ್ ಮಾಡಿದೆ. "ಸರ್, ಆ ಭೇಷ್ ಯಾರಿಗೆ?"

"ಇಲ್ಲಿ ಪಾಠಕ್ಕೆ ಬರೋ ಹುಡುಗಿ ಒಬ್ಬಳು. ರೆಕಾರ್ಡಿಂಗಿಗೆ ನಿನ್ನ ಪಾಠವನ್ನೇ ನುಡಿಸಿದಳು. ಚೆನ್ನಾಗಿ ನುಡಿಸಿದಳು, ಬಾಯಿಗೆ ಬಂತು. ಅವಳ ಮೃದಂಗದ ಸದ್ದು ಆಮೇಲೆ ತೆಗೆದ್ರಂತೆ."

"ಲೈವ್ ಅಲ್ಲ ಅಂತ ನನಗೊಬ್ಬಳಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಒಪ್ತಿದ್ಯಾ? ಸಂಘದವರು ಬೇರೆ ಅಷ್ಟು ಕೇಳ್ಕೊಂಡ್ರು."

ಡೈರಿಯಲ್ಲಿ ಎಣಿಕೆ ಹನ್ನೊಂದಕ್ಕೇ ನಿಂತಿದೆ.

ಶನಿವಾರ ಪಾಠಕ್ಕೆ ಕೂತೆ. ಗುರುಗಳು ಎಂದಿನಂತೆ ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಂಡು, "ಶುರು ಮಾಡು" ಎಂದರು. ಗುರುವನ್ನು ಕೇಳಬಾರದ ಪ್ರಶ್ನೆ. ಆದರೂ, ಇದೂ ಫೈಲ್ ಅಲ್ಲ ತಾನೆ ಎಂದು ತಿಳಿಯಲು ಕೇಳಿದೆ.

"ಸರ್, ನಾನು ಯಾವ ಬಣ್ಣದ ಸ್ವೆಟರ್ ಹಾಕಿದೀನಿ?"

ಅವರು ಮುಖ ಮುಂದಕ್ಕೆ ತಂದು ನೋಡಿದರು.

"ಹಸಿರು," ಎಂದರು, ಬಹಳ ಸಣ್ಣ ದನಿಯಲ್ಲಿ.

ನಾನು ಕ್ಷಮೆ ಕೇಳಲಿಲ್ಲ. ಮೃದಂಗ ಎಳೆದುಕೊಂಡೆ.